ಬಾಯಿಲೆ ಮಾಡಿ ತೋರಸ್ರಿ

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಕ್ಕೆ ಒಂದು ಬೇವಿನ ಮರವಿತ್ತು. ಮರದ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಗಾಡಿಯ ಅಡಿಗೆ ಇಳಿಯಲು ತೋಡಿದ ಗುಂಡಿ. ಆ ಗುಂಡಿಯ ಅಂಚಿನಲ್ಲಿ ನಿಂತು ದೊಡ್ಡ ದೊಡ್ಡ ಮನುಷ್ಯರು ಬಾಯಿಂದ ಟಕ್, ಧಡ್, ಕಟಕಟ, ಗೊರ್ರ್ ಎಂದು ಸದ್ದು ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಸ್ತ್ರಿ ಮುರಿಯದ ಬಿಳಿ ಅಂಗಿಯ ಯಜಮಾನರು, ಪೇಟೆಯ ಕಾಳಿನ ವ್ಯಾಪಾರಿಗಳು, ಒಮ್ಮೆ ಒಬ್ಬ ಪ್ರಿನ್ಸಿಪಾಲರು ಕೂಡ. ಗಾಡಿಯಲ್ಲಿ ಎಂಥ ಆವಾಜು ಬರುತ್ತದೆ ಎಂದು ಯಾರು ವರ್ಣಿಸಲು ಹೊರಟರೂ ಮಿಸ್ತ್ರಿ ಕೈಯೆತ್ತಿ ತಡೆಯುತ್ತಿದ್ದರು.

"ಹೇಳಬ್ಯಾಡ್ರಿ. ಬಾಯಿಲೆ ಮಾಡಿ ತೋರಸ್ರಿ."

ಒಂದು ಸಲ ಸಿಂಧನೂರು ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಭತ್ತದ ಸಾಹುಕಾರರೊಬ್ಬರು ಬಂದಿದ್ದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. "ನನಗೆ ತೆಲುಗೇ ಬರೋದು ಮಿಸ್ತ್ರಿ" ಎಂದು ನಾಚಿಕೊಂಡರು. ಮಿಸ್ತ್ರಿ ನಕ್ಕರು. "ಆವಾಜಿಗೆ ಭಾಷಾ ಎಲ್ಲೈತ್ರಿ? ನೀವು ಮಾಡ್ರಿ, ನಾ ತಿಳ್ಕೊಂತೀನಿ." ಸಾಹುಕಾರರು ಗಲ್ಲ ಉಬ್ಬಿಸಿ "ಧಬ್" ಎಂದರು. "ಗೇರ್ ಬಾಕ್ಸಿನ ಕೆಳಗಿನ ರಬ್ಬರ್ ಹೋಗೈತಿ" ಎಂದು ಮಿಸ್ತ್ರಿ ಗುಂಡಿಗೆ ಇಳಿದೇ ಬಿಟ್ಟರು. ಅದೇ ಹೋಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎನ್ನುವುದು ಮುಂದೆ ತಾನೇ ತಿಳಿಯುತ್ತದೆ. ಗಿಡ್ಡ ಆಳು, ತಲೆಗೆ ಸದಾ ಒಂದು ಟವೆಲು, ಮೊಣಕೈವರೆಗೆ ಗ್ರೀಸು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತನಗಿಂತ ಮುಂಚೆ ಬೇರೆ ಯಾರಾದರೂ ಗಾಡಿ ಬಿಚ್ಚಿದ್ದರೆ ಅರ್ಧ ತಾಸು ಬೈದೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಸುತ್ತಲಿನವರೆಲ್ಲ ತಂಬಾಕು ತಿನ್ನುತ್ತಿದ್ದರೂ ಅವರು ಮುಟ್ಟುತ್ತಿರಲಿಲ್ಲ. "ಹಲ್ಲು ಕೆಟ್ರ ಧಂದೆ ಕೆಡ್ತೈತಿ" ಎನ್ನುತ್ತಿದ್ದರು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ತಮಾಷೆ ಆಗಿರಲಿಲ್ಲ. ಅವರ ಬಳಿ ಒಂದು ಮೊಳದ ಜಾಲಿಯ ಕೋಲಿತ್ತು. ಗಾಡಿ ಚಾಲೂ ಇಟ್ಟು, ಒಬ್ಬರು ಮೊದಲ ಗೇರಿನಿಂದ ರಿವರ್ಸಿಗೆ, ರಿವರ್ಸಿನಿಂದ ಮೊದಲಕ್ಕೆ ಹಾಕುತ್ತ ಕೂರಬೇಕು. ಗುಂಡಿಯಲ್ಲಿ ನಿಂತ ಮಿಸ್ತ್ರಿ ಕೋಲಿನ ಒಂದು ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಬೇರೆ ಮಿಸ್ತ್ರಿಗಳು ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿಕೊಂಡರೆ ಇವರು ಕಚ್ಚುತ್ತಿದ್ದರು. ಆಮೇಲೆ ಎಂಜಿನ್ ಬಂದ್ ಮಾಡಿಸಿ, ಗಾಲಿಗೆ ಕಲ್ಲು ಕೊಟ್ಟು, ಗೇರ್ ಬಾಕ್ಸಿನಿಂದ ಗಾಲಿಗಳ ಕಡೆಗೆ ಹೋಗುವ ಉದ್ದನೆಯ ಜಾಯಿಂಟನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ತಿರುವುತ್ತಿದ್ದರು. ಎಲ್ಲಿ ಒಂದು ಕೂದಲೆಳೆ ಸಡಿಲವಿದೆ ಎನ್ನುವುದು ಅವರ ಅಂಗೈಗೆ ತಿಳಿಯುತ್ತಿತ್ತು.

ಅವರಪ್ಪ ಗುರುಗುಂಟಾದ ಕಡೆ ಕುರಿ ಕಾಯುತ್ತಿದ್ದವರು. ಆ ಮಾತು ಅವರ ಬಾಯಲ್ಲಿ ಆಗಾಗ ಬರುತ್ತಿತ್ತು. "ಕುರಿ ತನಗೇನಾಗೈತಿ ಅಂತ ಹೇಳಂಗಿಲ್ರಿ. ನಮ್ಮಪ್ಪ ಅದರ ಬೆನ್ನ ಮ್ಯಾಲೆ ಕೈ ಇಟ್ಟು ಸುಮ್ಕ ನಿಂದರತಿದ್ದ. ಗಾಡೀನೂ ಹಂಗ. ಹೇಳಾಂವ ಮನಶ್ಯಾ ಒಬ್ಬನ. ಅದಕ್ಕ ಮನಶ್ಯಾನ ಮಾತು ಬರೋಬ್ಬರಿ ಇರಬೇಕು."

ನಾನು ಆಗ ಕಾಲುವೆ ದುರಸ್ತಿಯ ಗುತ್ತಿಗೆ ಹಿಡಿದಿದ್ದ ಒಬ್ಬ ಸಾಹೇಬರ ಹತ್ತಿರ ಸೈಟ್ ಇಂಜಿನಿಯರ್ ಆಗಿದ್ದೆ. ಓದಿದ್ದು ಮೆಕ್ಯಾನಿಕಲ್. ನಮ್ಮ ಜೀಪು ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಫೋರ್-ವೀಲ್ ಗಾಡಿ. ಕಾಲುವೆ ಏರಿಯ ಎರೆ ಮಣ್ಣಿನ ಕೆಸರಿನಲ್ಲಿ ಅದಿಲ್ಲದೆ ನಡೆಯುತ್ತಿರಲಿಲ್ಲ. ಮೊದಲ ಸಲ ಮಿಸ್ತ್ರಿಯ ಹತ್ತಿರ ಹೋದಾಗ ನಾನು ಗಂಭೀರವಾಗಿ "ಟ್ರಾನ್ಸ್‌ಮಿಷನ್ನಿನಲ್ಲಿ ಏನೋ ಅಸಹಜ ಶಬ್ದ" ಎಂದಿದ್ದೆ. ಅವರು ನನ್ನ ಬಾಯನ್ನೇ ನೋಡುತ್ತ, "ಅದು ಹೆಂಗ ಬರ್ತೈತಿ? ಮಾಡಿ ತೋರಸ್ರಿ" ಎಂದರು. ನಾಲ್ಕು ಜನರ ಎದುರು ಬಾಯಿಂದ ಟಕ್ ಟಕ್ ಅನ್ನಲು ನನ್ನ ಡಿಗ್ರಿ ಅಡ್ಡ ಬಂತು. ನಮ್ಮ ಡ್ರೈವರ್ ದುರುಗಪ್ಪ ಮುಂದೆ ಬಂದು, "ಟಣ್... ಟ್" ಎಂದು ಅಚ್ಚುಕಟ್ಟಾಗಿ ಮಾಡಿ ತೋರಿಸಿದ. "ನಿಮ್ಮ ಡ್ರೈವರ್ ಚಲೋ ಓದ್ಯಾನ್ರಿ" ಎಂದರು ಮಿಸ್ತ್ರಿ. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಆಮೇಲೆ ದೋಸ್ತಿ ಬೆಳೆಯಿತು. ಅವರು ನನ್ನನ್ನು ಕಲಿತವನೆಂದು ಅತಿಯಾಗಿ ಗೌರವಿಸುತ್ತಿದ್ದರು. ನಾನು ಹೋದರೆ ಡಬ್ಬಿಯ ಮೇಲಿನ ಗ್ರೀಸು ಒರೆಸಿ ಕೂರಿಸುತ್ತಿದ್ದರು, ಒಳಗಿನಿಂದ ಹೆಂಡತಿಯ ಕೈಲಿ ಚಹಾ ತರಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮತ್ತು ದುರುಗಪ್ಪ ಇಬ್ಬರೇ ಇದ್ದೆವು. ಮಿಸ್ತ್ರಿ ರಸ್ತೆಗೆ ಬೆನ್ನು ಮಾಡಿ ಕುಳಿತು ಬೇರಿಂಗಿನ ಗುಂಡು ತೊಳೆಯುತ್ತಿದ್ದರು. ಹತ್ತು ಮಾರು ದೂರದಲ್ಲಿ ಲಾರಿಯೊಂದರ ಟೈರು ಸಿಡಿಯಿತು. ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು, ದುರುಗಪ್ಪನ ಕೈಯ ಚಹಾ ಚೆಲ್ಲಿತು. ಮಿಸ್ತ್ರಿ ತಲೆ ಎತ್ತಲಿಲ್ಲ. ಒಂದು, ಎರಡು, ಮೂರು ಎಂದು ಗುಂಡು ಎಣಿಸುತ್ತಲೇ ಇದ್ದರು. ಅವರ ಹೆಂಡತಿ ಬಾಗಿಲಿಗೆ ಬಂದು ಕಾಲಿನಿಂದ ನೆಲವನ್ನು ಎರಡು ಸಲ ಒದ್ದರು. ಆಗ ಅವರು ತಿರುಗಿ ನಮ್ಮ ಮುಖ ನೋಡಿದರು, ಲಾರಿ ನೋಡಿದರು. ನಮಗೆ ತಿಳಿಯಿತು ಎಂದು ಅವರಿಗೂ ತಿಳಿಯಿತು.

"ಹೌದ್ರಿ, ಕಿವಿ ಪೂರಾ ಹೋಗ್ಯಾವ" ಎಂದರು. "ಐದಾರು ವರ್ಷ ಆತು. ಅದಕ್ಕ ಮಂದಿ ಬಾಯಿ ನೋಡ್ತೀನಿ. ಟಕ್ ಅಂದ್ರ ನಾಲಿಗಿ ಮ್ಯಾಲೆ ಹೋಗ್ತೈತಿ, ಧಡ್ ಅಂದ್ರ ಗದ್ದ ಕೆಳಗ ಬೀಳ್ತೈತಿ. ಉಳಿದಿದ್ದು ಹಲ್ಲಿಗೆ, ಕೈಗೆ ಗೊತ್ತಾಗ್ತೈತಿ. ಆದ್ರ ಮಂದಿ ನನ್ನ ಹತ್ರ ಆವಾಜು ತೋರಸಾಕ ಬರ್ತಾರ. ಕಿವುಡ ಅಂತ ಗೊತ್ತಾದ್ರ ಯಾರು ಬರ್ತಾರ್ರಿ? ನಿಮ್ಮಿಬ್ಬರ ಹೊಟ್ಟ್ಯಾಗ ಇರ್ಲಿ."

ನಾನು ಅವರ ಕೈ ಹಿಡಿದು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ, "ಯಾರಿಗೂ ಹೇಳಂಗಿಲ್ಲ" ಎಂದೆ. ದುರುಗಪ್ಪ ಬರೇ ತಲೆ ಆಡಿಸಿದ. ಮಿಸ್ತ್ರಿ ನನ್ನ ಮಾತನ್ನೇ ದೊಡ್ಡದು ಮಾಡಿಕೊಂಡರು.

ಇನ್ನು ನನ್ನ ಕಥೆ. ಫೋರ್-ವೀಲನ್ನು ಕೆಸರಿನಲ್ಲಿ ಮಾತ್ರ ಹಾಕಬೇಕು. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಕೈಯಿಂದ ತಿರುಗಿಸುವ ಲಾಕು ಇರುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಇಳಿದು ಎರಡೂ ಕಡೆ ಬಿಡಿಸಿ, ಒಳಗಿನ ಲಿವರನ್ನೂ ತೆಗೆಯಬೇಕು. ಯಾಕೆಂದು ಮಿಸ್ತ್ರಿ ಹೇಳಿದಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ: "ಕೆಸರಾಗ ಗಾಲಿಗೆ ಜಾರಾಕ ಜಾಗ ಇರ್ತೈತಿ. ಡಾಂಬರ್ ಮ್ಯಾಲೆ ಜಾರಾಕ ಬರಂಗಿಲ್ಲ. ಮುಂದಿನ ಗಾಲಿ ಒಂದು ಜಗ್ತಾವ, ಹಿಂದಿನವು ಒಂದು ಜಗ್ತಾವ. ನಡುವಿನ ಹಲ್ಲು ಹಸೀ ಅರಿವಿ ಹಿಂಡಿದಂಗ ಹಿಂಡ್ತಾವ." ಇದನ್ನೇ ನಾನು ಪುಸ್ತಕದ ಕನ್ನಡದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಸೈಟಿನ ಶೆಡ್ಡಿನಲ್ಲಿ ಅಂಟಿಸಿದ್ದೆ. ಡಾಂಬರು ರಸ್ತೆಯಲ್ಲಿ ಫೋರ್-ವೀಲ್ ಕಟ್ಟುನಿಟ್ಟಾಗಿ ನಿಷೇಧ. ಡ್ರೈವರ್ ಬಿಟ್ಟು ಬೇರೆಯವರು ಜೀಪು ಮುಟ್ಟಬಾರದು ಎನ್ನುವುದು ಸಾಹೇಬರ ಅಪ್ಪಣೆ. ಅದನ್ನೂ ನಾನೇ ಬರೆದಿದ್ದೆ.

ಒಂದು ಭಾನುವಾರ ದುರುಗಪ್ಪ ರಜೆ. ಲಿಂಗಸುಗೂರಿನಲ್ಲಿ ನನ್ನ ಹೆಂಡತಿಯ ತಂಗಿಯ ನಿಶ್ಚಿತಾರ್ಥ. ತುರ್ವಿಹಾಳದ ಹತ್ತಿರ ಕಾಲುವೆ ಏರಿಯಲ್ಲಿ ಬೆಳಿಗ್ಗೆ ಕೆಲಸ ನೋಡಿ, ಜೀಪನ್ನು ನಾನೇ ಓಡಿಸಿಕೊಂಡು ಹೊರಟೆ. ಕೆಸರಿನಲ್ಲಿ ಫೋರ್-ವೀಲ್ ಹಾಕಿದೆ. ಡಾಂಬರಿಗೆ ಬಂದಾಗ ಇಳಿಯಬೇಕಿತ್ತು. ಹೊಸ ಪ್ಯಾಂಟು, ಗಾಲಿಯೆಲ್ಲ ಕೆಸರು. ಮುಂದೆ ಎಲ್ಲಾದರೂ ನೀರು ಕಂಡಲ್ಲಿ ಇಳಿದು ಬಿಡಿಸಿದರಾಯಿತು ಎಂದುಕೊಂಡೆ. ಮರೆತೆ. ಸಿಂಧನೂರು ದಾಟಿ, ಮಸ್ಕಿ ದಾಟಿ, ಮಿಸ್ತ್ರಿಯ ಬೇವಿನ ಮರದ ಮುಂದೆಯೇ ಹಾದು ಲಿಂಗಸುಗೂರಿಗೆ ಹೋದೆ. ತಿರುವುಗಳಲ್ಲಿ ಸ್ಟಿಯರಿಂಗ್ ಬಿಗಿಯುತ್ತಿತ್ತು, ಅಡಿಯಿಂದ ಟಣ್ ಟಣ್ ಎನ್ನುತ್ತಿತ್ತು. ನನಗೆ ಕಿವಿಗಳು ಚೆನ್ನಾಗಿಯೇ ಇದ್ದವು.

ಸೋಮವಾರ ದುರುಗಪ್ಪ ಬಂದು ನೋಡಿದಾಗ ಗಾಲಿಯ ಲಾಕುಗಳು ಹಾಗೇ ಇದ್ದವು. ಅವನು ಸುಮ್ಮನೆ ಬಿಡಿಸಿ ಕೈ ಒರೆಸಿಕೊಂಡ. ಗಾಡಿ ಹಿಂದೆ ಮುಂದೆ ತೆಗೆದಾಗೆಲ್ಲ ಸದ್ದು. ಇಬ್ಬರೂ ಮಿಸ್ತ್ರಿಯ ಹತ್ತಿರ ಹೋದೆವು. ಅವರು ಕೋಲು ಕಚ್ಚಿದರು, ಜಾಯಿಂಟ್ ತಿರುವಿದರು, ಮತ್ತೆ ಕೋಲು ಕಚ್ಚಿದರು.

"ಮುಂದಿನ ಜಾಯಿಂಟಿನ ಕ್ರಾಸ್ ಹೋಗೈತಿ, ಅದು ಸಣ್ಣದು" ಎಂದರು. "ಆದ್ರ ಮುಂದಕ್ಕ ಹಿಂದಕ್ಕ ಬಲ ಹಂಚೂ ಟ್ರಾನ್ಸ್‌ಫರ್ ಕೇಸಿನ ಒಳಗಿನ ಹಲ್ಲಿಗೂ ಪೆಟ್ಟಾದಂಗ ಐತಿ. ಡಾಂಬರ್ ಮ್ಯಾಲೆ ಫೋರ್-ವೀಲ್ ಹಾಕಿ ಓಡ್ಸೀರೇನ್ರಿ?"

"ಓಡ್ಸಿಲ್ಲ" ಎಂದೆ.

ಅವರು ಗುಂಡಿಯಿಂದ ಮೇಲೆ ಬಂದು ನನ್ನ ಎದುರು ನಿಂತರು. "ಇನ್ನೊಮ್ಮೆ ಹೇಳ್ರಿ ಸಾಹೇಬ್ರ, ಸಾವಕಾಶ."

"ಓಡ್ಸಿಲ್ಲ ಮಿಸ್ತ್ರಿ."

ಪಕ್ಕದಲ್ಲಿ ದುರುಗಪ್ಪ ನೆಲ ನೋಡುತ್ತಿದ್ದ. ಮಿಸ್ತ್ರಿ ಸ್ವಲ್ಪ ಹೊತ್ತು ಕೋಲನ್ನೇ ತಿರುಗಿಸಿ ನೋಡಿದರು. "ಹಂಗಾದ್ರ ಕೇಸ್ ಬಿಚ್ಚೂದು ಬ್ಯಾಡ. ನನ್ನ ಹಲ್ಲಿಗೇ ಹಂಗ ಅನಿಸಿರಬೇಕು" ಎಂದು ಕ್ರಾಸ್ ಮಾತ್ರ ಬದಲಿಸಿದರು.

ವಾರ ಕಳೆದ ಮೇಲೆ ಪಾಮನಕಲ್ಲೂರಿನ ಹತ್ತಿರ, ಸಾಹೇಬರು ಕುಳಿತಿದ್ದಾಗಲೇ, ಕೇಸಿನ ಒಳಗಿನ ಹಲ್ಲು ಮುರಿಯಿತು. ಗಾಲಿ ಹಿಡಿದುಕೊಂಡು ಜೀಪು ತೊಗರಿ ಹೊಲಕ್ಕೆ ನುಗ್ಗಿತು. ದುರುಗಪ್ಪನಿಗೆ ತರಚು ಗಾಯ. ಸಾಹೇಬರ ಬಲಗೈ ಮುರಿಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತ ಸಾಹೇಬರು ನನ್ನನ್ನೊಬ್ಬನನ್ನೇ ಕರೆದು ಕೇಳಿದರು. "ಯಾರ ತಪ್ಪಿದು? ಡ್ರೈವರ್‌ದೋ, ಮಿಸ್ತ್ರೀದೋ?"

ಮೂರನೆಯ ಒಬ್ಬನಿದ್ದಾನೆ ಎಂದು ಹೇಳಲು ಬಾಯಿ ಬರಲಿಲ್ಲ. ಡ್ರೈವರ್ ಎಂದರೆ ದುರುಗಪ್ಪ ಭಾನುವಾರದ ಲಾಕಿನ ಸುದ್ದಿ ಬಾಯಿಬಿಡುತ್ತಿದ್ದ. ಸಾಹೇಬರ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಮಿಸ್ತ್ರಿಗೆ ಕಿವಿ ಕೇಳಂಗಿಲ್ರಿ ಸಾಹೇಬ್ರ." ಬಡ ಡ್ರೈವರನ ಕೆಲಸ ಉಳಿಸಿದೆ ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡು ನಿದ್ದೆಯನ್ನೂ ಮಾಡಿದೆ.

ಎರಡು ದಿನ ಬಿಟ್ಟು ಸಾಹೇಬರು ಕೊರಳಿಗೆ ಕೈ ನೇತು ಹಾಕಿಕೊಂಡೇ ಶೆಡ್ಡಿಗೆ ಬಂದರು. ಜೊತೆಗೆ ನಾನು, ದುರುಗಪ್ಪ. ಅಲ್ಲಿ ಆಗಲೇ ಐದಾರು ಗಿರಾಕಿಗಳಿದ್ದರು. ಮಿಸ್ತ್ರಿ ನಮಗೆ ಬೆನ್ನು ಮಾಡಿ, ನಮ್ಮ ಜೀಪಿನ ಮುರಿದ ಹಲ್ಲುಗಳನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದರು. ಸಾಹೇಬರು ಒಂದು ಸ್ಪ್ಯಾನರ್ ಎತ್ತಿ ಅವರ ಹಿಂದೆ ಕಲ್ಲಿನ ಮೇಲೆ ಬಿಟ್ಟರು. ಖಣ್ ಎಂದಿತು. ಮಿಸ್ತ್ರಿ ತಿರುಗಲಿಲ್ಲ. ಇನ್ನೊಂದು ಬಿಟ್ಟರು. ತಿರುಗಲಿಲ್ಲ. ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ಮೂರನೆಯ ಸಲ ಜಾಕಿನ ದಪ್ಪ ಸಲಾಕೆ. ನೆಲ ಅದುರಿದ್ದು ಅಂಗಾಲಿಗೆ ತಿಳಿದಿರಬೇಕು, ಅವರು ತಿರುಗಿದರು. ಕೆಳಗೆ ಬಿದ್ದ ಸ್ಪ್ಯಾನರುಗಳನ್ನು, ಸಲಾಕೆಯನ್ನು, ನಗುವ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಏನಾತ್ರಿ ಸಾಹೇಬ್ರ? ಏನಂದ್ರು ಇವರು? ಬಾಯಿಲೆ ಮಾಡಿ ತೋರಸ್ರಿ."

ನಾನು ಬಾಯಿ ಕಾಣದಂತೆ ಮುಖ ಆ ಕಡೆ ತಿರುಗಿಸಿದೆ. "ಕಿವುಡನ ಕೈಯಾಗ ಗಾಡಿ ಕೊಟ್ಟಿದ್ವಿ" ಎಂದು ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟರು. ಆ ಮಾತನ್ನು ಮಿಸ್ತ್ರಿ ಅವರ ತುಟಿಯಲ್ಲೇ ಓದಿಕೊಂಡರು.

ಆಮೇಲೆ ಆ ಗುಂಡಿಯ ಅಂಚಿನಲ್ಲಿ ಯಾರೂ ಬಾಯಿಂದ ಸದ್ದು ಮಾಡಲಿಲ್ಲ. ಪಂಚರ್, ಆಯಿಲ್ ಬದಲಿಸುವುದು, ಇಷ್ಟಕ್ಕೆ ಬರುತ್ತಿದ್ದರು. ವರ್ಷದೊಳಗೆ ಮಿಸ್ತ್ರಿ ಶೆಡ್ಡು ಮುಚ್ಚಿ ಗುರುಗುಂಟಾಕ್ಕೆ ಹೋದರು. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ನನ್ನನ್ನು ತಬ್ಬಿಕೊಂಡು, ಉತ್ತರಕ್ಕೆ ಕಾಯದೆ ತಾವೇ ಮಾತಾಡಿದರು. ಪಕ್ಕದಲ್ಲೇ ನಿಂತ ದುರುಗಪ್ಪನ ಕಡೆ ಮುಖ ಮಾಡಲಿಲ್ಲ. ನನಗೆ ಕಾರಣ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಹೊಳೆಯದಂತೆ ಇಟ್ಟುಕೊಂಡೆ.

ಈಗ ಎಂಟು ವರ್ಷವಾಯಿತು. ನಾನೇ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ. ಹಳೆಯದೊಂದು ಫೋರ್-ವೀಲ್ ಜೀಪಿದೆ, ದುರುಗಪ್ಪನೇ ಡ್ರೈವರ್. ಕಳೆದ ತಿಂಗಳು ಒಂದು ಬೆಳಿಗ್ಗೆ ಅವನು ಗಾಡಿ ಒರೆಸುತ್ತ ಹೇಳಿದ. "ಮಿಸ್ತ್ರಿ ತೀರಿಕೊಂಡಾರಂತ್ರಿ. ಮಣ್ಣಾಗಿ ನಾಕು ದಿನ ಆತಂತ." ಮನೆಯವರನ್ನು ಮಾತಾಡಿಸಿ ಬರಲು ಹೊರಟೆವು. ಹಿಂದಿನ ದಿನ ಮಳೆಯಾಗಿತ್ತು. ಅವರ ಮನೆ ಊರ ಹೊರಗೆ, ಹೊಲದ ದಾರಿಯಲ್ಲಿ. ದುರುಗಪ್ಪ ಡಾಂಬರು ಬಿಡುವಲ್ಲಿ ಇಳಿದು ಲಾಕು ಹಾಕಿದ.

ಮಿಸ್ತ್ರಿಯ ಹೆಂಡತಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ದುರುಗಪ್ಪ ಅಂಗಳದ ಬೇಲಿಯ ಹತ್ತಿರವೇ ನಿಂತಿದ್ದ. ಚಹಾ ಬಂತು, ಒಂದೇ ಕಪ್ಪು.

"ದುರುಗಪ್ಪಗ...?" ಎಂದೆ.

"ಅವ ಹೊರಗ ಇರ್ಲಿ ಬಿಡ್ರಿ" ಎಂದರು ಆಕೆ. "ಇವರ ಕಿವಿ ಸುದ್ದಿ ಹೊರಗಿನವರು ಇಬ್ಬರಿಗ ಗೊತ್ತಿತ್ತು. ನೀವು ಕಲಿತವರು, ಕೈ ಹಿಡದು ಮಾತು ಕೊಟ್ಟವರು. ಇನ್ನ ಉಳದಾಂವ ಯಾರು? ಇವರು ಕೊನೀ ತನಕ ಅದನ್ನ ಅಂತಿದ್ರು."

ನಾನು ಕಪ್ಪು ಕೆಳಗಿಡಬೇಕಿತ್ತು. ಇಡಲಿಲ್ಲ. "ಶೆಡ್ಡು ಯಾಕ ಮುಚ್ಚಿದ್ರು ಅಕ್ಕಾರ? ಹಳೇ ಗಿರಾಕಿ ಬರ್ತಿದ್ರಲ್ಲ" ಎಂದು ಕೇಳಿದೆ.

"ಬರ್ತಿದ್ರು. ಇವರೇ ಒಲ್ಲೆ ಅಂದ್ರು. 'ಹಲ್ಲು ಸುಳ್ಳು ಹೇಳಿಲ್ಲ, ಕೈ ಸುಳ್ಳು ಹೇಳಿಲ್ಲ, ಕೇಸ್ ಅಲ್ಲೇ ಮುರೀತು. ಅಂದ್ರ ಇಂಜಿನಿಯರ್ ಸಾಹೇಬ್ರು ಓಡ್ಸೀನಿ ಅಂದಾರ, ನಾ ಓಡ್ಸಿಲ್ಲ ಅಂತ ಓದೀನಿ. ಎರಡು ಸಲ ಹೇಳಿಸಿದ್ರೂ ತಪ್ಪು ಓದೀನಿ. ಕಿವಿ ಹೋಗಿ ಕಣ್ಣಿತ್ತು, ಈಗ ಕಣ್ಣೂ ಹೋತು. ಮತ್ತೊಬ್ಬರ ಕೈ ಮುರಿಯೂದು ಬ್ಯಾಡ' ಅಂದ್ರು. ಆಮ್ಯಾಲೆ ಯಾರು ಮಾತಾಡಿದ್ರೂ ಬಾಯಿ ನೋಡ್ತಿರ್ಲಿಲ್ರಿ. ನನ್ನ ಬಾಯೀನೂ ನೋಡ್ಲಿಲ್ಲ. ಸುಮ್ಕ ಕುಂದರತಿದ್ರು."

ಎಂಟು ವರ್ಷ. ತನ್ನ ಹೆಂಡತಿಯ ಮಾತನ್ನೂ ಓದಲು ಹೆದರಿ ಕೂತ ಮನುಷ್ಯ. ನಾನು ಹೇಳಿದ್ದೇ ಸುಳ್ಳಾಗಿರಬಹುದು ಎಂಬ ಅನುಮಾನ ಅವರಿಗೆ ಬರಲೇ ಇಲ್ಲ. "ಅವರು ಸರಿಯಾಗೇ ಓದಿದ್ರು ಅಕ್ಕಾರ" ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರ ಮನಸ್ಸು ಉಳಸಾಕ ಈಗ್ಲೂ ಹಂಗ ಅಂತೀರಿ. ನೀವು ಭಾಳ ದೊಡ್ಡವರ್ರಿ." ಇನ್ನೊಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಚಹಾ ಮುಗಿಸಿ, ಕೈ ಮುಗಿದು ಎದ್ದೆ. ಹೇಡಿ ಎನ್ನುವ ಮಾತು ನನಗೆ ಸಾಲದು.

ಡಾಂಬರು ಸಿಕ್ಕಿದಲ್ಲಿ ದುರುಗಪ್ಪ ಗಾಡಿ ನಿಲ್ಲಿಸಿ ಇಳಿದ. ಆ ಕಡೆಯ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಲಾಕು ಬಿಡಿಸತೊಡಗಿದ. ನಾನೂ ಇಳಿದೆ. ಜೀವಮಾನದಲ್ಲಿ ಮೊದಲ ಸಲ ಈ ಕಡೆಯ ಗಾಲಿಯ ಕೆಸರಿಗೆ ಕೈ ಹಾಕಿದೆ.

"ದುರುಗಪ್ಪ, ಸಾಹೇಬ್ರಿಗೆ ಹೇಳಿದಾಂವ ನಾನು."

ಅವನು ತಲೆ ಎತ್ತಲಿಲ್ಲ. "ಗೊತ್ತೈತ್ರಿ. ಇಬ್ಬರಿಗ ಗೊತ್ತಿತ್ತು, ನಾ ಹೇಳಿರ್ಲಿಲ್ಲ."

"ಮತ್ತ ಮಿಸ್ತ್ರಿಗೆ ಯಾಕ ತಿಳಿಸ್ಲಿಲ್ಲ ನೀ?"

"ಕಲಿತವರ ಮಾತು ಬಿಟ್ಟು ನನ್ನ ಮಾತು ನಂಬತಿದ್ರೇನ್ರಿ? ನೀವ ಹೇಳಬೇಕಿತ್ತು. ಇಂದು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ದಾರಿ ನೋಡಿದೆ. ಅದಕ್ಕ ನಿಮ್ಮ ಕೂಡ ಉಳಿದೆ."

ಅವನು ಎದ್ದು, ನಾನು ಬಿಡಿಸಿದ ಲಾಕನ್ನು ಬಗ್ಗಿ ನೋಡಿದ. ಅರ್ಧ ಮಾತ್ರ ತಿರುಗಿತ್ತು. ಅದನ್ನು ಪೂರ್ತಿ ತಿರುಗಿಸಿದ. ಒಳಗೆ ಕೈ ಹಾಕಿ ಲಿವರ್ ತೆಗೆದ. ಆಮೇಲೆ ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟ.

"ಎರಡೂ ಕಡೆ ಬಿಡಿಸೀನ್ರಿ. ಇನ್ನ ನೀವ ಓಡಿಸ್ಕೊಂಡು ಹೋಗ್ರಿ."

ಟವೆಲು ಹೆಗಲಿಗೆ ಹಾಕಿಕೊಂಡು ಬಸ್ಸು ನಿಲ್ಲುವ ಕಡೆ ನಡೆದ. ನಾನು ಡ್ರೈವರಿನ ಸೀಟಿನಲ್ಲಿ ಕೂತೆ. ಕನ್ನಡಿ ಅವನ ಎತ್ತರಕ್ಕೆ ಇತ್ತು. ಅದರಲ್ಲಿ ನನ್ನ ಬಾಯಷ್ಟೇ ಕಾಣುತ್ತಿತ್ತು. ಸದ್ದು ಮಾಡದೆ "ಓಡ್ಸೀನಿ" ಎಂದು ಹೇಳಿ ನೋಡಿದೆ. ಆಮೇಲೆ "ಓಡ್ಸಿಲ್ಲ" ಎಂದೆ. ಮೊದಲನೆಯದರ ಕೊನೆಗೆ ತುಟಿಗಳು ಎರಡೂ ಕಡೆ ಎಳೆದುಕೊಳ್ಳುತ್ತವೆ. ಎರಡನೆಯದರ ಕೊನೆಗೆ ನಾಲಿಗೆ ಮೇಲೇಳುತ್ತದೆ, ಬಾಯಿ ತೆರೆದೇ ಉಳಿಯುತ್ತದೆ. ಒಂದನ್ನು ಇನ್ನೊಂದೆಂದು ಯಾರೂ ತಪ್ಪಾಗಿ ಓದುವ ಹಾಗೇ ಇಲ್ಲ.